ನಾಹಿದಳ ಕಾರಿನ ಬ್ಯಾಟರಿ

ಇದು ಖರೆ ನಡೆದದ್ದು. ಅನುಮಾನವಿದ್ದರೆ ಉಟಗಿಗೆ ಹೋಗಿ ಯಾರನ್ನಾದರೂ ಕೇಳಿ, ಧೂಳಪ್ಪನೊಬ್ಬನನ್ನು ಬಿಟ್ಟು. ಅವನು ಕೇಳಿದವರ ದನಿಯಲ್ಲೇ ಉತ್ತರ ಕೊಟ್ಟು ಕಳಿಸುತ್ತಾನೆ.

ಗಾದಿ ಹೊಲಿಯುವ ಸುಭಾನ ಮೂರು ವರ್ಷದ ಮಗಳು ನಾಹಿದಳಿಗೆಂದು ಬಿಜಾಪುರದಿಂದ ಬ್ಯಾಟರಿ ಕಾರು ತಂದ. ಮಗು ಒಳಗೆ ಕೂತು ಗುಂಡಿ ಒತ್ತಿದರೆ ತಾನೇ ಓಡುವ ಕೆಂಪು ಕಾರು. ಕರೆಂಟು ಬಂದಾಗ ಚಾರ್ಜಿಗೆ ಹಚ್ಚಿ, ಹೋದಾಗ ಬೈದು, ಅಂತೂ ಬ್ಯಾಟರಿ ತುಂಬಿಸಿದ. "ಮುಂಜಾನೆ ಓಡಿಸೂಣು" ಎಂದು ಮಗಳ ತಲೆ ಮುಟ್ಟಿ ಮಾತು ಕೊಟ್ಟ. "ಅಬ್ಬಾ, ಅಬ್ಬಾ" ಎಂದು ಮಗು ಅಪ್ಪನ ಕೊರಳಿಗೆ ಜೋತುಬಿತ್ತು.

ಮುಂಜಾನೆ ಲೋಡ್ ಶೆಡ್ಡಿಂಗ್. ಮೇಲಾಗಿ ಅವತ್ತೇ ಕ್ರಿಕೆಟ್ ಫೈನಲ್. ಪಕ್ಕದ ಮನೆಯ ಧೂಳಪ್ಪ ಎಮ್ಮೆ ಕೊಳ್ಳಲು ಬಂದವನಂತೆ ಕಾರಿಗೆ ಒಂದು ಸುತ್ತು ಹಾಕಿದ.

"ಲೇ ಸುಭಾನ್ಯಾ, ಈ ಬ್ಯಾಟರಿ ನಮ್ಮ ಸಣ್ಣ ಟಿವಿಗಿ ಸರಿ ಕೂಡ್ತದ. ಸಂಜೀತನಕ ಕೊಡು."

"ಟ್ರ್ಯಾಕ್ಟರ್ ಇದ್ದವ್ರನ್ನ ಕೇಳ್ಹೋಗು."

"ಅದರ ಬ್ಯಾಟರಿ ಬಾಜೂ ಊರು ಸಂಖದವ್ರು ಒಯ್ದಾರ. ಊರ ಮರ್ಯಾದಿ ನಿನ್ನ ಕೈಯಾಗದ."

"ಕೊಡಪಾ," ಎಂದಳು ಎದುರು ಮನೆಯ ಚಂದವ್ವಜ್ಜಿ. "ಕೂಸಿಗ್ಯಾಕ ಕಾರು, ಅದೇನ ಕಚೇರಿಗಿ ಹೋಗೂದದನ?"

ಸುಭಾನನ ಮೂಗಿನ ಹೊಳ್ಳೆಗಳು ತಿದಿಯಂತೆ ಉಬ್ಬಿದವು. "ನನ್ನ ಮಗಳ ಗಾಡಿ ಮುಟ್ಟಿದವ್ರನ್ನ ಗಾದ್ಯಾಗ ಹಾಕಿ ಹೊಲೀತೀನಿ."

ಎಲ್ಲರೂ ಚದುರಿದರು. ಸ್ವಲ್ಪ ಹೊತ್ತಿಗೆ ಗೋಡೆಯಾಚೆಯಿಂದ ಹೆಂಡತಿ ಸೈರಾಬಾನುವಿನ ದನಿ: "ಏನ್ರಿ, ಜರಾ ಒಳಗ ಬರ್ರಿ." ಹೋದ.

"ನಾ ಎಲ್ಲಿ ಕರದ್ನಿರಿ? ರೊಟ್ಟಿ ಬಡಿಯಾಕತ್ತೀನಿ," ಎಂದಳು ಸೈರಾಬಾನು.

ಗೊಣಗುತ್ತ ಹೊರಬಂದು ನಾಹಿದಳನ್ನು ಕಾರಿನಲ್ಲಿ ಕೂಡಿಸಿ ಗುಂಡಿ ಒತ್ತಿಸಿದ. ಕಾರು ಮಿಸುಕಲಿಲ್ಲ. ಮಗು ತುಟಿ ಉಬ್ಬಿಸಿ, ಬಿಕ್ಕಿ, ಕೊನೆಗೆ ಓಣಿ ಕೇಳುವಂತೆ ಅತ್ತಿತು. ಸುಭಾನನ ಸಿಟ್ಟು ಅವನಿಗಿಂತ ಮೊದಲೇ ಬಿಜಾಪುರಕ್ಕೆ ಹೊರಟಿತು. ಜೀಪಿನ ಮೇಲೆ ಕಾರು ಕಟ್ಟಿಸಿ ಅವನೂ ಹಿಂದೆ ಹೋದ.

"ಮೋಸಾ ಮಾಡ್ತೀರೇನ್ರಿ ಕೂಸಿಗಿ?" ಎಂದು ಅಂಗಡಿ ಹಾರುವಂತೆ ಕೂಗಿದ. ಅಂಗಡಿಯವನು ಸೀಟು ಎತ್ತಿದ. ಒಳಗೆ, ಬ್ಯಾಟರಿಯ ಜಾಗದಲ್ಲಿ, ಒಂದು ಇಟ್ಟಂಗಿ.

"ನಾವು ಕಾರು ಮಾರತೇವ್ರಿ," ಎಂದ ಅಂಗಡಿಯವನು. "ಮನಿ ಕಟ್ಟೂ ಸಾಮಾನ ಬಾಜೂ ಅಂಗಡ್ಯಾಗ ಸಿಗತದ."

ಗೋಡೆಯಾಚೆಯಿಂದ ಸೈರಾಬಾನುವಿನ ದನಿ ತೆಗೆದವನು ಧೂಳಪ್ಪನೆಂದು ಸುಭಾನನಿಗೆ ಆಗ ಹೊಳೆಯಿತು. ಹಲ್ಲು ಕಡಿಯುತ್ತ ಹೊಸ ಬ್ಯಾಟರಿ ಕೊಂಡ. ಇಟ್ಟಂಗಿಯನ್ನೂ ಬಿಡಲಿಲ್ಲ, ಅದಕ್ಕೆ ಊರಲ್ಲೊಂದು ತಲೆ ನೋಡಿಟ್ಟಿದ್ದ.

ಊರು ಮುಟ್ಟಿದಾಗ ಸಂಜೆ. ಕರೆಂಟು ಇನ್ನೂ ಇಲ್ಲ, ಆದರೆ ಧೂಳಪ್ಪನ ಮನೆಯಿಂದ ಹಿಂದಿ ಕಾಮೆಂಟರಿ ಜೋರಾಗಿ ಕೇಳುತ್ತಿತ್ತು. ಒಂದು ಕೈಯಲ್ಲಿ ಇಟ್ಟಂಗಿ, ಇನ್ನೊಂದರಲ್ಲಿ ಬ್ಯಾಟರಿ ಹಿಡಿದು ಸುಭಾನ ಬಾಗಿಲು ಒದ್ದು ಒಳನುಗ್ಗಿದ.

ಟಿವಿ ಕತ್ತಲಾಗಿತ್ತು. ಕದ್ದ ಬ್ಯಾಟರಿ ಯಾವಾಗಲೋ ಸತ್ತು, ಧೂಳಪ್ಪನೇ ಕೊಡದೊಳಗೆ ಬಾಯಿಟ್ಟು ಕಾಮೆಂಟರಿ ಹೇಳಿ ಆಟ ಆಡಿಸುತ್ತಿದ್ದ. ಚಪ್ಪಾಳೆ, ಸೀಟಿ, ಬ್ಯಾಟಿನ ಟಕ್ ಸದ್ದು, ಎಲ್ಲ ಅವನದೇ. ಓಣಿಯ ಮಂದಿ ಆ ಕರಿ ಗಾಜನ್ನೇ ಕಣ್ಣು ಮಿಟುಕಿಸದೆ ನೋಡುತ್ತಿದ್ದರು.

"ಧೂಳ್ಯಾ, ಹೊರಗ ಬಾರ್ಲೇ."

"ನಡುವ ನಿಂದ್ರಬ್ಯಾಡೋ ಸುಭಾನಾ," ಚಂದವ್ವಜ್ಜಿ ರೇಗಿದಳು. "ಟಿವಿ ಕಾಣವಲ್ದು."

ಸುಭಾನ ತನಗರಿವಿಲ್ಲದೆ ಪಕ್ಕಕ್ಕೆ ಸರಿದು ಕೂತ. ಕೊನೆಯ ಚೆಂಡು, ಬೇಕಾದದ್ದು ನಾಲ್ಕು ರನ್. ಬೌಲರ್ ಓಡಿ ಬಂದ, ಓಡಿ ಬಂದ. ಅಷ್ಟರಲ್ಲಿ ಧೂಳಪ್ಪ ಕೊಡ ಇಳಿಸಿ ನೀರು ಕುಡಿಯತೊಡಗಿದ.

"ಮುಂದ?" ಸುಭಾನ ಗುಡುಗಿದ.

"ತಡೀಲೇ, ಗಂಟಲ ಒಣಗೇದ."

"ನಿನ್ನಂಥಾ ಕಳ್ಳನ ಬಾಯಾಗಿಂದ ನಾ ಕೇಳಂಗಿಲ್ಲ," ಎಂದ ಸುಭಾನ ಇಟ್ಟಂಗಿ ಬಿಸಾಕಿ, ಡಬ್ಬಿ ಹರಿದು, ಹೊಸ ಬ್ಯಾಟರಿಗೆ ತನ್ನ ಕೈಯಾರೆ ತಂತಿ ಜೋಡಿಸಿದ.

ಟಿವಿ ಹೊತ್ತಿಕೊಂಡಿತು. ಆಟ ಮುಗಿದು ಎಷ್ಟು ಹೊತ್ತಾಗಿತ್ತೋ, ಯಾರು ಗೆದ್ದರೋ. ಪರದೆಯ ಮೇಲೆ ರೈತರ ಕಾರ್ಯಕ್ರಮ: ಇಬ್ಬರು ಒಂದು ಕುರಿಯನ್ನು ಅಮುಕಿ ಹಿಡಿದಿದ್ದರು, ಡಾಕ್ಟರು ಸೂಜಿ ಚುಚ್ಚುತ್ತಿದ್ದರು.

ಬ್ಯಾಟರಿ ಬಿಚ್ಚಲೆಂದು ಸುಭಾನ ತಂತಿಗೆ ಕೈ ಹಾಕಿದ. ಆದರೆ ಮನೆ ತುಂಬ ಕುರಿ ಸಾಕುವವರೇ.

"ಮುಟ್ಟಬ್ಯಾಡಪಾ," ಎಂದಳು ಚಂದವ್ವಜ್ಜಿ. "ಯಾ ರೋಗಕ್ಕ ಯಾ ಸೂಜಿ, ಪೂರಾ ಕೇಳೂಣು."

ಅಪ್ಪ ಬಂದನೆಂದು ನಾಹಿದಳನ್ನು ಎತ್ತಿಕೊಂಡು ಸೈರಾಬಾನು ಬಾಗಿಲಲ್ಲಿ ನಿಂತಿದ್ದಳು. ಮಗು ತಂತಿ ಹಿಡಿದು ಕೂತ ಅಪ್ಪನನ್ನು ನೋಡಿತು, ಕಣ್ಣು ಕಣ್ಣು ಬಿಡುತ್ತಿದ್ದ ಕುರಿಯನ್ನು ನೋಡಿತು. ಆಮೇಲೆ ಕುರಿಯ ಕಡೆ ಬೆರಳು ಚಾಚಿ, ಗುರುತು ಸಿಕ್ಕ ಖುಷಿಯಲ್ಲಿ, "ಅಬ್ಬಾ," ಎಂದಿತು.

ಮನೆ ಮಂದಿಯೆಲ್ಲ ಹೊಟ್ಟೆ ಹಿಡಿದು ಉರುಳಾಡಿದರು. ಎಲ್ಲರ ನಗೆಯನ್ನೂ ಮುಳುಗಿಸಿ, ಕಣ್ಣಲ್ಲಿ ನೀರು ಬರುವಂತೆ ನಕ್ಕವನು ಸುಭಾನ.