ಡ್ರೋನಿಗೂ ಸೋಮವಾರ ಸೂಟಿ

ವಿಜ್ಞಾನದ ಮೇಲೆ ನನಗೆ ಸಿಟ್ಟಿಲ್ಲ. ಅದು ಬೇಕಾದರೆ ಚಂದ್ರನ ಮೇಲೆ ಬಿಡಾರ ಹೂಡಲಿ, ನಾನು ಅಡ್ಡ ಬರುವವನಲ್ಲ. ಆದರೆ ನನ್ನ ಸೋಮವಾರಕ್ಕೆ ಕೈ ಹಾಕಿದರೆ ಮಾತ್ರ ಸುಮ್ಮನಿರುವವನೂ ಅಲ್ಲ.

ಸತ್ತಿ ಊರಿನ ನಮ್ಮ ಮನೆತನದಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಟ್ಟವರಿಲ್ಲ. ಅದು ಬಸವಣ್ಣನ ವಾರ. ಎತ್ತಿಗೆ ಸೂಟಿ ಎಂದರೆ ಒಕ್ಕಲುತನ ಮಾಡುವವನಿಗೂ ಸೂಟಿ. ಅಪ್ಪ ಅಂದು ಎತ್ತುಗಳ ಮೈ ತೊಳೆದು, ತಾನೂ ಹೊಳೆಯಲ್ಲಿ ಮುಳುಗೆದ್ದು, ಬೇವಿನ ನೆರಳಲ್ಲಿ ಗೊರಕೆ ಹೊಡೆಯುತ್ತಿದ್ದ. ಆಮೇಲೆ ಎತ್ತುಗಳು ಹೋಗಿ ಟ್ರ್ಯಾಕ್ಟರ್ ಬಂತು. ನಾನು ಅದಕ್ಕೂ ಸೋಮವಾರ ಮೈ ತೊಳೆದು, ವಿಭೂತಿ ಬಳಿದು, ಅದೇ ಬೇವಿನ ನೆರಳಲ್ಲಿ ನಿಲ್ಲಿಸಿ, ಪಕ್ಕದಲ್ಲಿ ಹೊರಸು ಹಾಕಿಕೊಂಡು ಮಲಗತೊಡಗಿದೆ. ಟ್ರ್ಯಾಕ್ಟರ್ ಒಮ್ಮೆಯೂ ಬೇಡ ಎನ್ನಲಿಲ್ಲ.

ಈ ಸಲ ಕಬ್ಬಿಗೆ ಹುಳ ಬಿತ್ತು. ಬೆನ್ನಿಗೆ ಪಂಪು ಕಟ್ಟಿಕೊಂಡು ಒಳಗೆ ನುಗ್ಗಿದರೆ ಕಬ್ಬಿನ ಗರಿ ಮೈಯೆಲ್ಲ ಕೊಯ್ಯುತ್ತದೆ. ಅದಕ್ಕೆ ನನ್ನ ಹೆಂಡತಿ, ಕುಡಚಿಯಲ್ಲಿ ಡ್ರೋನಿನಿಂದ ಔಷಧ ಹೊಡೆಯುವ ಶಬಾನಾಗೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟಳು.

"ಕಾಕಾ, ಸೋಮವಾರ ಬರ್ತೀನ್ರಿ."

"ಸೋಮವಾರ ಬ್ಯಾಡವಾ. ಎತ್ತಿಗೆ ಸೂಟಿ ಐತಿ."

"ನಿಮ್ಮಲ್ಲಿ ಎತ್ತ ಅದಾವೇನ್ರಿ?"

"ಎತ್ತ ಇಲ್ಲ. ಸೂಟಿ ಐತಿ."

"ಡ್ರೋನಿಗೆ ಹೆಗಲ ಇಲ್ರಿ ಕಾಕಾ, ನೊಗ ಎಲ್ಲಿ ಇಡೂದ್ರಿ?" ಎಂದು ಅವಳು ನಕ್ಕಳು.

ಹೆಂಡತಿ ನಗಲಿಲ್ಲ. "ಹುಳಾ ಏನ ಸೋಮವಾರ ಸೂಟಿ ಮಾಡ್ತಾವೇನ್ರಿ? ಕಬ್ಬ ಎಲ್ಲಾ ತಿಂದ ಹಾಕ್ತಾವ!"

ನಾನು ಜಗ್ಗಲಿಲ್ಲ. ನೊಗ ಒಲೆಗೆ ಹೋಯಿತು, ಗೆಜ್ಜೆಸರ ಯಾರ ಪಾಲಾಯಿತೋ ಗೊತ್ತಿಲ್ಲ. ಆ ಎತ್ತುಗಳದೆಂದು ನನ್ನ ಹತ್ತಿರ ಉಳಿದಿರುವುದು ಈ ಸೋಮವಾರ ಒಂದೇ. ಅದನ್ನೂ ಬಿಟ್ಟುಕೊಟ್ಟರೆ ಅವುಗಳ ಮುಖ ನೆನೆಯಲೂ ನನಗೆ ನಾಚಿಕೆ. ಮುಂದೆ ತಾನಾಗಿಯೇ ಯೋಚನೆ ಮಾಡುವ ಯಂತ್ರ ಹೊಲಕ್ಕೆ ಬರುತ್ತದಂತೆ. ಧಾರಾಳವಾಗಿ ಬರಲಿ. ಸತ್ತಿಯಲ್ಲಿ ಸೋಮವಾರ ಅದೂ ಯೋಚನೆ ಮಾಡಕೂಡದು!

ಕೊನೆಗೆ ಶಬಾನಾಳೇ ಸೋತು, ಕಾಗವಾಡದ ದ್ರಾಕ್ಷಿ ತೋಟದ ಕೆಲಸವನ್ನು ಮುಂದಕ್ಕೆ ಹಾಕಿ ಮಂಗಳವಾರ ಬಂದಳು. ಗೆದ್ದ ಹುರುಪಿನಲ್ಲಿ ನಾನು ತಲೆಗೆ ಪಟಕಾ ಸುತ್ತಿ, ದಿನವಿಡೀ ದುಡಿಯುವ ಸಿದ್ಧತೆಯಲ್ಲಿ ಹೊಲಕ್ಕೆ ಹೋದೆ. ಮಧ್ಯಾಹ್ನ ಬುತ್ತಿ ತರಲು ಹೆಂಡತಿಗೆ ಹೇಳಿದ್ದೆ. ಡ್ರೋನ್ ಎದ್ದಿತು, ಕಬ್ಬಿನ ಮೇಲೆ ಹೋಗಿ ಬಂದು ಮಾಡಿತು. ನಾನು ಚಹಾ ಆರಿಸಿ ಕುಡಿದು ಎಲೆ ಅಡಿಕೆ ಮೆಲ್ಲುವಷ್ಟರಲ್ಲಿ ಕೆಲಸ ಮುಗಿಸಿ ಶಬಾನಾ ಹೊರಟೂ ಹೋದಳು. ಬೇರೇನೂ ತೋಚದೆ ಬೇವಿನ ಕೆಳಗೆ ಒರಗಿದೆ.

ಬುತ್ತಿ ಹೊತ್ತು ಬಂದ ಹೆಂಡತಿ ಗೊರಕೆ ಕೇಳಿ ನಿಂತಳು. "ನಿಮಗ ಮಂಗಳವಾರಾನೂ ಸೋಮವಾರ ಆತು. ಎತ್ತಿಗೆ ಆತು, ಟ್ರ್ಯಾಕ್ಟರಿಗೆ ಆತು, ಡ್ರೋನಿಗೂ ಆತು. ರೊಟ್ಟಿ ಬಡಿಯೂ ನನಗ ಸೋಮವಾರ ಯಾವಾಗ್ರಿ?"

ನಾನು ಕಣ್ಣುಜ್ಜುತ್ತ ಎದ್ದು ಕೂತೆ. ಆಕೆ ಬುತ್ತಿ ಇಳಿಸಿ, ಬರುವ ಸೋಮವಾರದಿಂದ ನಮ್ಮ ಒಲೆಗೂ ಬಸವಣ್ಣನ ವಾರ ಎಂದು ಸಾರಿಬಿಟ್ಟಳು.

ಅಥಣಿಯಲ್ಲಿ ರೊಟ್ಟಿ ಮಾಡುವ ಯಂತ್ರ ಬಂದಿದೆಯಂತೆ. ಅದು ಸೋಮವಾರವೂ ನಡೆಯುತ್ತದೆಯೇ ಎಂದು ಕೇಳಿಕೊಂಡು ಬರಲು ಈಗ ಬಸ್ಸಿಗೆ ಕಾಯುತ್ತಿದ್ದೇನೆ.