ಮೆಟ್ಟಿಲ ದೀಪ ಮತ್ತು ನನ್ನ ಮಾವ

ನನ್ನ ಸೋದರಮಾವನನ್ನು ಮನೆಗೆ ಕರೆಯುವ ಮೊದಲು ಫ್ರಿಜ್ಜಿನ ಬಾಗಿಲು ಸರಿಯಾಗಿ ಮುಚ್ಚಿದೆಯೇ ಎಂದು ನೋಡಿಕೊಳ್ಳಬೇಕು. ಕಾಫಿಗಿಂತ ಮೊದಲು ಅವರು ಅದರ ಪಕ್ಕೆಗೆ ಅಂಗೈ ಒತ್ತಿ, ಕೂಸಿನ ಜ್ವರ ನೋಡುವವರಂತೆ ಕಣ್ಣು ಮುಚ್ಚುತ್ತಾರೆ. “ರಬ್ಬರ್ ಹೋಗಿದೆ ಕಣೇ. ಇಡೀ ಯಲಹಂಕಕ್ಕೆ ತಂಪು ಹಂಚ್ತಿದೀಯ” ಅಂದದ್ದು ನನಗೋ ಅಮ್ಮನಿಗೋ ಈಗ ಖಚಿತವಿಲ್ಲ, ನಾಟಿದ್ದಂತೂ ನನಗೆ.

ಅವರಿರುವುದು ಕೆಂಪಾಪುರದ ಹಳೆಯ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ. ಲಿಫ್ಟ್ ಇಲ್ಲ, ಮೆಟ್ಟಿಲಿಗೆ ಕಿಟಕಿಯೂ ಇಲ್ಲದ್ದರಿಂದ ಹಗಲಲ್ಲೂ ದೀಪ ಬೇಕು. ನಿವೃತ್ತರಾದ ಮೇಲೆ ಮಾವ ಪಂಪಿಗೊಂದು, ಮೆಟ್ಟಿಲ ದೀಪಗಳಿಗೊಂದು ಮೀಟರ್ ಹಾಕಿಸಿ, ಕರೆಂಟು ಎಲ್ಲಿ ಸೋರುತ್ತಿದೆ ಎಂದು ಪತ್ತೇದಾರರಂತೆ ಹುಡುಕಿದರು. ಸಿಕ್ಕಿಬಿದ್ದದ್ದು ಮೆಟ್ಟಿಲು. ಯಾರೂ ಹತ್ತದಿದ್ದರೂ ದಿನವಿಡೀ ಬೆಳಗುತ್ತಿತ್ತಲ್ಲ! ಪ್ರತಿ ತಿರುವಿಗೂ ಸೆನ್ಸರ್ ಬಂತು: ಯಾರಾದರೂ ಅಲುಗಾಡಿದರೆ ದೀಪ ಹತ್ತುತ್ತದೆ, ಇಲ್ಲದಿದ್ದರೆ ಆರುತ್ತದೆ. ಎಷ್ಟು ಹೊತ್ತು ಉರಿಯಬೇಕೆಂದು ತಾವೇ ಹತ್ತಿ ಇಳಿದು ಗೊತ್ತುಮಾಡಿದರು. ಮಾವ ಮೆಟ್ಟಿಲು ಹತ್ತುವುದೋ, ಹೊರಟ ಬಸ್ಸು ಹಿಡಿಯುವವರ ಹಾಗೆ. ಕೆಳಮನೆಯವರು, “ಸಾರ್, ಚಪ್ಪಲಿ ಬಿಚ್ಚೋದ್ರೊಳಗೆ ಕತ್ತಲಾಗತ್ತೆ” ಅಂದರೆ, “ಬಿಚ್ತಾ ಸ್ವಲ್ಪ ಕುಣೀರಿ” ಅಂದರಂತೆ.

ಆಮೇಲೆ ಅತ್ತೆಗೆ ಸ್ಟ್ರೋಕ್ ಆಯಿತು. ಬಲಗೈ, ಬಲಗಾಲು ಸೋತವು. ದಿನಾ ನಡೆಯದಿದ್ದರೆ ಕಾಲು ಹೀಗೇ ಉಳಿದುಬಿಡುತ್ತದೆ ಎಂದರು ಡಾಕ್ಟರು. ಮೊದಲ ದಿನ ಅತ್ತೆ ಎಡಗೈಯಲ್ಲಿ ಕಂಬಿ ಹಿಡಿದು ಇಳಿಯುತ್ತಿದ್ದಾಗ ನಡುವೆಯೇ ದೀಪ ಆರಿತು. ಅವರ ನಡಿಗೆಯನ್ನು ಸೆನ್ಸರು ಅಲುಗಾಟವೆಂದು ಒಪ್ಪಲೇ ಇಲ್ಲ. ಹೆದರಿ ವಾಪಸು ಹೋದ ಅತ್ತೆ, “ಸಾಕು, ಇನ್ನು ನಾನು ಇಳಿಯಲ್ಲ” ಅಂದುಬಿಟ್ಟರು. ಮಾವ ಸೆನ್ಸರ್ ಕೀಳಲು ಸ್ಟೂಲು ತಂದರೆ ಅದಕ್ಕೂ ಬಿಡಲಿಲ್ಲ. “ನನ್ನ ಕಾಲಿನ ಕಥೆ ಬಿಲ್ಡಿಂಗ್‌ಗೆಲ್ಲ ಗೊತ್ತಾಗ್ಬೇಕಾ?”

ಕೆಲವು ದಿನ ಬಿಟ್ಟು ನಾನು ಹೋದಾಗ ಇಬ್ಬರೂ ಮೆಟ್ಟಿಲಲ್ಲೇ ಸಿಕ್ಕರು. ಮಾವ ಹಿಮ್ಮುಖವಾಗಿ ಇಳಿಯುತ್ತಾ, ವಿಮಾನಕ್ಕೆ ದಾರಿ ತೋರಿಸುವವರ ಹಾಗೆ ಎರಡೂ ಕೈ ಬೀಸುತ್ತಿದ್ದರು. ಅವರೆದುರು ಅತ್ತೆ, ಒಂದೊಂದೇ ಮೆಟ್ಟಿಲು.

“ರೀ, ಯಾರಾದ್ರೂ ನೋಡ್ತಾರೆ.”

“ಯಾರ್ ಬೇಕಾದ್ರೂ ನೋಡ್ಲಿ. ಅದು ನೋಡಿದ್ರೆ ಸಾಕು” ಎಂದು ಮಾವ ಗದ್ದ ಎತ್ತಿ ಸೆನ್ಸರ್ ತೋರಿಸಿದರು.

ತಿರುವಿಗೆ ಬರುವಷ್ಟರಲ್ಲಿ ಮಾವನಿಗೆ ಏದುಸಿರು. ಕೈ ಇಳಿಸಿ ಗೋಡೆಗೆ ಒರಗಿದರು. ದೀಪ ಆರಿತು. ಕೆಳಗಿನ ತಿರುವಿನಲ್ಲಿ ನಾನು ಅಲುಗಾಡದೆ ನಿಂತಿದ್ದೆ.

ಕತ್ತಲಲ್ಲಿ ಬಳೆ ಸದ್ದಾಯಿತು. ದೀಪ ಹತ್ತಿತು.

ಮಾವನ ಕೈಗಳು ಕೆಳಗೇ ಇದ್ದವು. ಅತ್ತೆಯ ಬಲಗೈ ಸೊಂಟದವರೆಗೆ ಎದ್ದು ನಡುಗುತ್ತಿತ್ತು. ಸೊಂಟದವರೆಗೋ, ಅದಕ್ಕೂ ಕಡಿಮೆಯೋ ಖಚಿತವಾಗಿ ಹೇಳಲಾರೆ. ದೀಪ ಹತ್ತಿದ್ದರೂ ಆಗ ನನಗೆ ಸರಿಯಾಗಿ ಕಾಣುತ್ತಿರಲಿಲ್ಲ.