ಟಾಕಿ ಹಿಂದಿನ ಚೀಲ

ನನ್ನ ಕೆಲಸ ಏನು ಅಂತ ಯಾರಿಗಾದರೂ ಬಿಡಿಸಿ ಹೇಳಿದ ದಿನ ಏನಾದರೊಂದು ಫಜೀತಿ ಆಗಿಯೇ ಆಗುತ್ತದೆ. ಹೇಳದೆ ಸುಮ್ಮನಿದ್ದ ದಿನ ಇನ್ನೂ ದೊಡ್ಡ ಫಜೀತಿ ಆಗುತ್ತದೆ. ಶಿಗ್ಗಾಂವಿಯ ಒಂದು ಝೆರಾಕ್ಸ್ ಅಂಗಡಿಯ ಮೇಲಿನ ಕೋಣೆಯಲ್ಲಿ ಕೂತು, ಇನ್ನೂ ಕಟ್ಟದ ಮನೆಯೊಳಗೆ ಬೆಳಕು ಹೇಗೆ ಬೀಳುತ್ತದೆ ಎಂದು ಚಿತ್ರ ತೆಗೆದು ಕೊಡುತ್ತೇನೆ. ಕಳೆದ ವರ್ಷ ಸವಣೂರಿನ ಒಂದೇ ಒಂದು ಮನೆ ನನ್ನನ್ನು ಎಷ್ಟು ಕುಣಿಸಿತು ಅನ್ನುವುದನ್ನಷ್ಟೇ ಇಲ್ಲಿ ಹೇಳುತ್ತೇನೆ.

ಒಲಿ ಮ್ಯಾಲ ರೊಕ್ಕ

ನನ್ನ ಸಾಫ್ಟ್‌ವೇರಿಗೆ ಬಣ್ಣ ಬೆಡಗು ಏನೂ ಇಲ್ಲ. ಕಪ್ಪು ಪರದೆ, ಅದರ ಮೇಲೆ ಟೈಪ್ ಮಾಡುವ ಕಮಾಂಡು, ಅಷ್ಟೇ. ಕ್ಯಾಮೆರಾದ ಕಣ್ಣು ಎಲ್ಲಿದೆ, ಯಾವ ಕಡೆ ನೋಡುತ್ತಿದೆ ಎಂದು ಹೇಳಿದರೆ ಆ ಕಣ್ಣಿನಿಂದ ಹೊರಡುವ ಕಿರಣಗಳನ್ನು ಅಂಕಿಗಳಾಗಿ ಸಾಲುಗಟ್ಟಿ ಉಗುಳುತ್ತದೆ. ಸಾಲಿಗೆ ಆರು ಅಂಕಿ. ಮೊದಲ ಮೂರು ಕಣ್ಣಿರುವ ಜಾಗ, ಉಳಿದ ಮೂರು ಕಿರಣ ಹೋಗುವ ದಿಕ್ಕು. ಅವನ್ನು ಇನ್ನೊಂದು ಕಮಾಂಡಿಗೆ ದಾಟಿಸಿದರೆ ಕಿರಣಗಳು ಹೋಗಿ ಗೋಡೆಗೋ ಕಿಟಕಿಗೋ ಬಡಿದು, ಅಲ್ಲಿ ಕಂಡ ಬಣ್ಣ ತಂದು ಚಿತ್ರ ಕಟ್ಟುತ್ತವೆ.

ಇದನ್ನೆಲ್ಲ ಚಹಾ ತಂದುಕೊಡುವವನಿಗೆ ನಾನು ಹೇಳಿರಲಿಲ್ಲ. ಸವಣೂರಿನ ಮನೆಯ ಅಡಿಗೆಮನೆಯಲ್ಲಿ ಕಣ್ಣಿಟ್ಟು ಕಿರಣ ಬಿಡುತ್ತಿದ್ದಾಗ ಆತ ಬೆನ್ನ ಹಿಂದೆ ನಿಂತು ಬಾಯಿ ತೆರೆದು ನೋಡುತ್ತಿದ್ದ.

"ಅಕ್ಕಾರ, ಎಲ್ಲಾ ಸಾಲಿನ್ಯಾಗೂ ಮೊದಲ ಮೂರು ಅಂಕಿ ಒಂದ ನಮೂನಿ ಬರಾಕತ್ತಾವಲ್ರಿ?"

"ಹೂಂ, ಅವು ಬದಲಾಗಂಗಿಲ್ಲ. ಪಕ್ಕಾ," ಎಂದೆ.

ಮರುದಿನ ಚಹಾದ ಕಪ್ಪನ್ನು ಟೇಬಲ್ಲಿಗೆ ಕುಕ್ಕಿದ. ಮಟಕಾ ಜೂಜಿಗೆ ಅದೇ ಅಂಕಿ ಹಚ್ಚಿ ಸೋತಿದ್ದನಂತೆ. ಅದು ಸವಣೂರಿನ ಒಂದು ಅಡಿಗೆಮನೆಯಲ್ಲಿ ಒಲೆಯ ಮುಂದಿನ ಜಾಗ ಎಂದು ತಿಳಿಸಿ ಹೇಳಿದೆ.

"ಹಂಗಾರ ನಾ ಯಾರದೋ ಒಲಿ ಮ್ಯಾಲ ರೊಕ್ಕಾ ಹಚ್ಚೀನೇನ್ರಿ?" ಎಂದು ತಲೆಗೆ ಕೈ ಹೊತ್ತು ಕೂತ. ಅವತ್ತಿನಿಂದ ನನ್ನ ಚಹಾಕ್ಕೆ ಸಕ್ಕರೆ ಕಡಿಮೆಯಾಗಿದೆ.

ದೇವರ ಕೋಣೆಯಲ್ಲಿ ಚಪ್ಪಲಿ

ಆ ಮನೆಯ ಪಡಸಾಲೆಯ ಚಿತ್ರ ತೋರಿಸಲು ಸವಣೂರಿಗೆ ಹೋದೆ. ಯಜಮಾನ, ಅವನ ಹೆಂಡತಿ, ಅವನ ತಾಯಿ ಮೂವರೂ ಲ್ಯಾಪ್‌ಟಾಪ್ ಸುತ್ತ ಕೂತರು. ತಾಯಿ ಕನ್ನಡಕ ಏರಿಸಿಕೊಂಡು ಕೇಳಿದರು:

"ಇದನ್ನ ಎಲ್ಲಿ ನಿಂತು ತಗದಿಯವಾ?"

"ದೇವರ ಕೋಣ್ಯಾಗ್ರಿ. ಅಲ್ಲಿಂದ ಪಡಸಾಲಿ ಪೂರ್ತಿ ಸಿಗತೈತಿ."

"ಚಪ್ಪಲಿ ಬಿಟ್ಟಿದ್ದೇನು?"

ಮನೆಗೆ ಇನ್ನೂ ಪಾಯ ತೋಡುತ್ತಿದ್ದರು. ಅಲ್ಲಿ ದೇವರೂ ಇಲ್ಲ, ಕೋಣೆಯೂ ಇಲ್ಲ, ನಾನಂತೂ ಮೊದಲೇ ಇಲ್ಲ, ಇರುವುದು ಬರೀ ಅಂಕಿ ಎಂದು ಗಂಟಲು ಒಣಗುವ ತನಕ ಹೇಳಿದೆ.

"ನೀ ಅಂಕಿ ಆಗು, ಏನರ ಆಗು. ದೇವರ ಕೋಣೀಗೆ ಜಳಕಾ ಮಾಡಿ ಹೋಗಬೇಕು," ಎಂದರು.

ನನಗೂ ಸಿಟ್ಟು ಬಂತು. ಅಲ್ಲೇ ಕೂತು ಕಣ್ಣನ್ನು ದೇವರ ಕೋಣೆಯ ಹಿಂದಕ್ಕೆ, ಆಚೆಗೆ ಎಳೆದೆ. ನಡುವೆ ಗೋಡೆ ಅಡ್ಡ ಬಂದು, ಹೊರಟ ಕಿರಣಗಳೆಲ್ಲ ಅದಕ್ಕೇ ಬಡಿದು, ಚಿತ್ರದ ತುಂಬ ಬರೀ ಗೋಡೆಯೇ ಬಂತು. ಅದನ್ನೇ ಅವರ ಮುಂದೆ ಹಿಡಿದೆ. ಬಹಳ ಹೊತ್ತು ನೋಡಿದರು.

"ಈಗ ಚಲೋ ಬಂತು ನೋಡು. ಗ್ವಾಡಿ ಗಿಲಾವು ಎಷ್ಟ ನುಣುಪ ಐತಿ!"

ಯಾರ ಕಣ್ಣಿಗೆ?

ಯಜಮಾನನ ಹೆಂಡತಿ, ಆ ಮನೆಯ ಸೊಸೆ, ಮಾತು ಕಡಿಮೆ. ಅವಳಿಗೆ ಬೇಕಾಗಿದ್ದೂ ಒಂದೇ, ಅಡಿಗೆಮನೆಗೆ ಬೆಳಕು. ಹಳೆಯ ಮನೆಯಲ್ಲಿ ಮಟಮಟ ಮಧ್ಯಾಹ್ನವೂ ಬಲ್ಬು ಹಾಕಿಕೊಂಡೇ ರೊಟ್ಟಿ ಬಡಿಯುತ್ತಿದ್ದಳು. ಹೊಸ ಅಡಿಗೆಮನೆಗೆ ಹೊರಗಿನ ಗೋಡೆ ಒಂದೇ. ಅದರಾಚೆ ಯಜಮಾನನ ದೊಡ್ಡಪ್ಪನ ಹಿತ್ತಲು, ಹಿತ್ತಲಿನಾಚೆ ವೀಳ್ಯದ ಎಲೆತೋಟ. ದೊಡ್ಡಪ್ಪನಿಗೆ ಇರುಸುಮುರುಸಾಗದಿರಲಿ ಎಂದು ಯಜಮಾನ ನಕ್ಷೆಯಲ್ಲಿ ಕಿಟಕಿಯನ್ನು ಮೇಲಕ್ಕೆ ಇಡಿಸಿದ್ದ. ನನ್ನ ಚಿತ್ರದಲ್ಲಿ ಆ ಕಿಟಕಿಯಿಂದ ಎಲೆತೋಟ ಹಚ್ಚಗೆ ಕಾಣುತ್ತಿತ್ತು.

"ಇದು ಯಾರ ಕಣ್ಣಿಗೆ ಕಾಣೂದ್ರಿ ಅಕ್ಕಾರ?" ಎಂದಳು.

ಕೈ ಚಾಚಿದರೆ ಫ್ಯಾನು ಒರೆಸುವಷ್ಟು ಉದ್ದ ಇದ್ದೇನೆ ನಾನು. ರೂಢಿಯಂತೆ ನನ್ನದೇ ಎತ್ತರ ಕೊಟ್ಟಿದ್ದೆ. ಅವಳು ಎದ್ದು ಪಕ್ಕಕ್ಕೆ ನಿಂತಳು, ಅವಳ ತಲೆ ನನ್ನ ಭುಜಕ್ಕೆ ಬಂತು. ಕಣ್ಣಿನ ಎತ್ತರದ ಅಂಕಿಯೊಂದನ್ನು ತಿದ್ದಿ ಮತ್ತೆ ಕಿರಣ ಬಿಟ್ಟೆ. ಎಲೆತೋಟ ಮಾಯವಾಗಿ, ಕಿಟಕಿಯಲ್ಲಿ ಒಂದು ತುಂಡು ಆಕಾಶವಷ್ಟೇ ಉಳಿಯಿತು.

"ಮುಗಲು ಕಾಣತೈತಲ್ಲ, ಮತ್ತೇನ ಬೇಕು?" ಎಂದ ಯಜಮಾನ. ಬಾಗಿಲಲ್ಲಿ ತಲೆ ಬಗ್ಗಿಸಿ ಬರುವಷ್ಟು ಎತ್ತರದ ಆಳು ಅವನು.

"ಹಂಗಾರ ನಾಳಿಂದ ರೊಟ್ಟೀನೂ ನೀವ ಬಡೀರಿ. ನಿಮಗಾದ್ರ ಕಿಟಕಿ ಎಟಕತೈತಿ," ಎಂದಳು ಸೊಸೆ.

ಅವತ್ತೇ ಕಿಟಕಿ ಕೆಳಗಿಳಿಸುವುದೆಂದಾಯಿತು. ಆದರೆ ದೊಡ್ಡಪ್ಪ ಒಪ್ಪಬೇಕಿತ್ತು.

ಚೀಲ

ದೊಡ್ಡಪ್ಪ ಒಪ್ಪಲಿಲ್ಲ. ನನ್ನ ಹಿತ್ತಲು ಕಾಣುವ ಹಾಗೆ ಕಿಟಕಿ ಇಳಿಸಿದರೆ ನಿಮ್ಮ ಹೊಸ್ತಿಲು ತುಳಿಯುವುದಿಲ್ಲ ಎಂದರು. ಸೊಸೆ ನನಗೆ ಫೋನ್ ಮಾಡಿ ಅತ್ತಳು. ದೊಡ್ಡಪ್ಪನನ್ನು ನನ್ನ ಕೋಣೆಗೆ ಕಳಿಸು, ಏನು ಕಾಣುತ್ತದೆ ಏನು ಕಾಣುವುದಿಲ್ಲ ಎಂದು ತೋರಿಸುತ್ತೇನೆ ಎಂದೆ.

ಬಂದರು. ಡಾಕ್ಟರು ಎಣ್ಣೆ, ಉಪ್ಪು, ಖಾರ ಮೂರನ್ನೂ ಬಿಡಿಸಿದ್ದಾರೆ, ದೊಡ್ಡವ್ವ ಸಪ್ಪನೆಯ ಗಂಜಿಯ ಮೇಲೆ ಇಟ್ಟಿದ್ದಾಳೆ ಎಂದು ಕೂತ ಕೂಡಲೇ ಗೋಳು ತೋಡಿಕೊಂಡರು. ಆಮೇಲೆ ಹಿತ್ತಲಿನ ನಕ್ಷೆ ತಾವೇ ಹೇಳಿ ಬರೆಸಿದರು. ನುಗ್ಗೆ ಗಿಡ ಇಲ್ಲಿ, ಬಟ್ಟೆ ಒಗೆಯುವ ಕಲ್ಲು ಅಲ್ಲಿ, ಎದೆಮಟ್ಟದ ನೀರಿನ ಟಾಕಿ ಮೂಲೆಯಲ್ಲಿ. ಕೆಳಗಿಳಿಸಿದ ಕಿಟಕಿಯ ಮುಂದೆ ಸೊಸೆಯ ಎತ್ತರಕ್ಕೆ ಕಣ್ಣಿಟ್ಟೆ.

"ತಂಗಿ, ಗಿಡದ ಬುಡಕ ಒಂದ ಚೀಲ ಇಡು. ಕುಂತ ಮನಷ್ಯಾನಷ್ಟ ಎತ್ತರದ್ದು."

ಇಟ್ಟೆ. ಕಾಣಿಸಿತು.

"ಕಲ್ಲಿನ ಬಾಜೂಕ?"

ಅಲ್ಲೂ ಕಾಣಿಸಿತು.

"ಟಾಕಿ ಹಿಂದ?"

ಚೀಲ ಮಾಯ! ಒಂದು ಕಿರಣವೂ ಅದಕ್ಕೆ ತಾಗಲಿಲ್ಲ. ದೊಡ್ಡಪ್ಪನ ಮುಖ ಅರಳಿತು.

"ಇಲ್ಲೇ ಇರ್ಲಿ ಚೀಲ. ಕಿಟಕಿ ಕೆಳಗ ಇಳಸ್ರಿ. ಪಾಪ, ಹುಡುಗಿಗೆ ಬೆಳಕು ಬೇಕಲ್ಲ," ಎಂದು ಪರದೆಯನ್ನು ಪ್ರೀತಿಯಿಂದ ತಟ್ಟಿ ಎದ್ದರು. ಒಂದು ಚೀಲದ ಮೇಲೆ ಇಷ್ಟು ಮಮತೆ ಯಾಕೋ ನನಗೆ ಹೊಳೆಯಲಿಲ್ಲ. ಅವರು ಹೋದ ಮೇಲೆ ಪರದೆ ಒರೆಸಿದೆ. ಎಣ್ಣೆಯ ಬೆರಳಚ್ಚು, ಮೇಲೊಂದು ಸೇವಿನ ಚೂರು.

ಸ್ಟೂಲು

ಗೃಹಪ್ರವೇಶಕ್ಕೆ ನಾನೂ ಹೋದೆ. ಸೊಸೆ ನನ್ನ ಕೈ ಹಿಡಿದು ಅಡಿಗೆಮನೆಗೆ ಎಳೆದೊಯ್ದಳು. ಬಿಸಿಲು ಕಟ್ಟೆಯ ತುಂಬ ಹರಡಿತ್ತು, ಎಲೆತೋಟ ಅವಳ ಕಣ್ಣಿನ ನೇರಕ್ಕೆ ಕಾಣುತ್ತಿತ್ತು. ಅವಳ ಮುಖ ನೋಡಿ ನನಗೆ ಬಹಳ ಸಂತೋಷವಾಯಿತು. ಕಮಾಂಡು ಹೊಡೆದು ಹೊಡೆದು ಬೆರಳು ಸವೆದದ್ದಕ್ಕೂ ಸಾರ್ಥಕ ಅನಿಸಿತು.

ಅಷ್ಟರಲ್ಲಿ ದೊಡ್ಡವ್ವ ಮಾವಿನ ತೋರಣ ಹಿಡಿದು ಬಂದರು. ಕಿಟಕಿಯ ಮೇಲೆ ಕಟ್ಟಬೇಕು, ಕೈ ಎಟುಕಲಿಲ್ಲ. ಸ್ಟೂಲು ಹತ್ತಿದರು. ಒಂದು ಗಂಟು ಹಾಕಿದವರು ಇನ್ನೊಂದು ಗಂಟು ಹಾಕಲಿಲ್ಲ.

"ಏನ್ರೀ! ಟಾಕಿ ಹಿಂದ ಕುಂತು ಏನ ಮೆಲ್ಲಾಕತ್ತೀರಿ?"

ಸೇವು ಬೆರೆಸಿದ ಸವಣೂರು ಖಾರದ ಪೊಟ್ಟಣ ಮಡಿಲಲ್ಲಿ ಇಟ್ಟುಕೊಂಡು, ಕುಂತ ಮನುಷ್ಯನಷ್ಟೇ ಎತ್ತರದ ಚೀಲ ಅಲ್ಲಿ ಕೂತಿತ್ತು. ಎಲ್ಲರೂ ಈಚೆಗಿದ್ದಾಗ ಆಚೆ ನಿಶ್ಚಿಂತೆಯಿಂದ ತಿನ್ನಬಹುದು ಎಂದುಕೊಂಡಿದ್ದರು ದೊಡ್ಡಪ್ಪ, ಪಾಪ.

ಬಾಯಿ ಒರೆಸಿಕೊಳ್ಳುತ್ತ ನೇರ ನನ್ನ ಹತ್ತಿರ ಬಂದರು. "ನಿನ್ನ ಕಿರಣಾ ಸುಳ್ಳು, ತಂಗಿ!"

"ಕಿರಣ ಖರೇನ ಅದಾವ್ರಿ ದೊಡ್ಡಪ್ಪಾರ. ಸ್ಟೂಲಿನ ಲೆಕ್ಕಾ ನೀವು ಹೇಳಿದ್ದಿಲ್ಲ."

ಮುಂದಿನ ಸೋಮವಾರ ದೊಡ್ಡವ್ವ ನನ್ನ ಕೋಣೆಯ ಮೆಟ್ಟಿಲು ಹತ್ತಿ ಬಂದರು. ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಕೂತು ಹೇಳಿದರು: "ನಮ್ಮ ಮನಿಗೆ ಹಿತ್ತಲಕಡೆ ಕಿಟಕೀನ ಇಲ್ಲವಾ. ಒಂದು ಮಾಡಿಸಬೇಕು. ನನ್ನ ಎತ್ತರಕ್ಕ ಕಣ್ಣಿಡು. ಅವರು ಎಲ್ಲೆ ಕುಂತ್ರೂ ಕಾಣಬೇಕು."

ಅವರು ಮೆಟ್ಟಿಲು ಇಳಿಯುವುದಕ್ಕೂ ನನ್ನ ಫೋನ್ ಹೊಡೆದುಕೊಳ್ಳುವುದಕ್ಕೂ ಸರಿಹೋಯಿತು. ಆ ಕಡೆಯಿಂದ ದೊಡ್ಡಪ್ಪನ ಪಿಸುದನಿ:

"ತಂಗಿ, ಅಕಿ ಬಂದಿದ್ಲೇನು? ಆ ಚೀಲ ಇನ್ನೂ ಐತಲ್ಲ? ಅದನ್ನ ಮೊದಲ ಒಂದ ಸ್ಟೂಲಿನ ಮ್ಯಾಲಿಂದ ನೋಡಿ, ಆಮ್ಯಾಲ ನನಗ ಜಾಗಾ ಹೇಳು."